ಹಿತ್ತಾಳೆ ವಿಗ್ರಹ ಕೊಳ್ಳುವ ಮುನ್ನ ಬೆನ್ನು ನೋಡಿ

ನಮ್ಮದು ತಂದೆಯ ಕಾಲದಿಂದ ನಡೆದುಬಂದ ಪಾತ್ರೆ ಅಂಗಡಿ. ಬಿಂದಿಗೆ, ಕೊಳಗ, ದೀಪದ ಕಂಬಗಳ ಜೊತೆಗೆ ಒಂದು ಗೋಡೆಯ ತುಂಬ ಹಿತ್ತಾಳೆಯ ವಿಗ್ರಹಗಳಿವೆ. ಕೊಳ್ಳಲು ಬಂದವರು ಮುಖ ನೋಡುತ್ತಾರೆ, ಹೊಳಪು ನೋಡುತ್ತಾರೆ, ಬೆಲೆ ಕೇಳುತ್ತಾರೆ. ನಾನು ವಿಗ್ರಹವನ್ನು ಗೂಡಿನಿಂದ ತೆಗೆದು, ಬೆನ್ನು ಮೇಲಾಗಿ ಅವರ ಕೈಗೆ ಕೊಡುತ್ತೇನೆ. ದೇವಸ್ಥಾನದ ಮೂರ್ತಿಯನ್ನು ಗರ್ಭಗುಡಿಯ ಹೊರಗೆ ನಿಂತು ನೋಡುತ್ತೇವೆ. ಅದರ ಬೆನ್ನು ಅರ್ಚಕರಿಗಷ್ಟೇ ಗೊತ್ತು. ಮನೆಯ ವಿಗ್ರಹ ಹಾಗಲ್ಲ. ಅದಕ್ಕೆ ನೀರೆರೆಯುವವರು ನೀವು, ಒರೆಸುವವರು ನೀವು, ಗಂಧವಿಡುವವರು ನೀವು. ಪ್ರತಿದಿನ ಕೈ ಹೋಗುವ ಜಾಗದಲ್ಲೆಲ್ಲ ಕೆಲಸ ಹೇಗಿದೆ ಎಂಬುದನ್ನು ಕೈಯೇ ಹೇಳಬೇಕು. ಈ ಮಾತೊಂದನ್ನು ಹಿಡಿದುಕೊಂಡರೆ ಯಾವ ಲೋಹ, ಎಷ್ಟು ಎತ್ತರ, ಯಾವ ರೂಪ, ಹೇಗೆ ಬೆಳಗುವುದು ಎಂಬ ಎಲ್ಲ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಲೋಹ ಯಾವುದು

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಕಂಚು ಎಂದರೆ ತಾಮ್ರ ಮತ್ತು ತವರ. ಪಂಚಲೋಹ ಎಂದಾಗ ಅದರಲ್ಲಿ ಚಿನ್ನವೂ ಬೆಳ್ಳಿಯೂ ಇರಬೇಕು. ಇಂದಿನ ಎರಕದಲ್ಲಿ ಅವೆರಡೂ ಶಾಸ್ತ್ರಕ್ಕೆಂದು ಚೂರು ಮಾತ್ರ ಸೇರುತ್ತವೆ. ಮೈಯೆಲ್ಲ ತಾಮ್ರ, ಹಿತ್ತಾಳೆ, ಸೀಸಗಳದೇ. ಆದ್ದರಿಂದ ಹಳದಿಯಾಗಿ ಹೊಳೆಯುವ ವಿಗ್ರಹವನ್ನು ಪಂಚಲೋಹದ್ದೆಂದು ಹೇಳಿ ಎರಡು ಪಟ್ಟು ಬೆಲೆ ಕೇಳಿದರೆ, ಹಾಗೆಂದು ರಸೀದಿಯಲ್ಲಿ ಬರೆದುಕೊಡಲು ಹೇಳಿ. ಹಿತ್ತಾಳೆ ಕೀಳು ಲೋಹ ಎಂಬ ಅಳುಕೂ ಬೇಡ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಪೂಜೆಗೆ ಸಲ್ಲುವ ಎಂಟು ಬಗೆಯ ಪ್ರತಿಮೆಗಳನ್ನು ಹೇಳಿದೆ: ಕಲ್ಲು, ಮರ, ಲೋಹ, ಲೇಪ, ಚಿತ್ರ, ಮರಳು, ಮನಸ್ಸು, ಮಣಿ. ಮರಳಿಗೂ ಮನಸ್ಸಿಗೂ ಇರುವ ಜಾಗ ಹಿತ್ತಾಳೆಗೆ ಇಲ್ಲದೆ ಹೋಗುವುದಿಲ್ಲ.

ಅಂಗಡಿಗೆ ಹೋಗುವಾಗ ಒಂದು ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಅದು ಹಿತ್ತಾಳೆಯೇ ಎಂದಾಗುವುದಿಲ್ಲ. ಅಲ್ಯೂಮಿನಿಯಮ್‌ಗೂ ಅಂಟುವುದಿಲ್ಲ, ಚಿನ್ನದ ಬಣ್ಣ ಲೇಪಿಸಿದ ಸತುವಿನ ಬೊಂಬೆಗೂ ಅಂಟುವುದಿಲ್ಲ. ಪೀಠವನ್ನು ತಲೆಕೆಳಗು ಮಾಡಿ ಒಳಭಾಗ ನೋಡಿ. ಅಲ್ಲಿ ಅರದಿಂದ ಉಜ್ಜಿದ ಗುರುತಿದ್ದರೆ ಒಳಗೂ ಹಳದಿಯೇ ಕಾಣಬೇಕು. ಬೂದು ಅಥವಾ ಬಿಳಿ ಕಂಡರೆ ಹಳದಿ ಬರೀ ಮೇಲಿನ ಲೇಪ.

ಕೊಂಡ ಮೇಲೂ ಅನುಮಾನ ಉಳಿದರೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ವಿಗ್ರಹವನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ವಿಗ್ರಹದ ಸೊಂಟಕ್ಕೆ ದಾರ ಕಟ್ಟಿ, ಪಾತ್ರೆಯ ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಪೀಠ ಪೊಳ್ಳಾಗಿದ್ದರೆ ಸ್ವಲ್ಪ ಓರೆ ಮಾಡಿ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರಲಿ. ಈಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೆಯೋ ವಿಗ್ರಹದ ಗಾತ್ರ ಅಷ್ಟು ಘನ ಸೆಂಟಿಮೀಟರ್. ಮೊದಲ ತೂಕವನ್ನು ಇದರಿಂದ ಭಾಗಿಸಿ. 850 ಗ್ರಾಂ ವಿಗ್ರಹಕ್ಕೆ ತಕ್ಕಡಿ 100 ತೋರಿಸಿದರೆ ಉತ್ತರ 8.5. ಹಿತ್ತಾಳೆಗೆ ಇದು ಸುಮಾರು 8.4ರಿಂದ 8.7ರ ಒಳಗೆ ಬರುತ್ತದೆ. ಅಲ್ಯೂಮಿನಿಯಮ್ ಆದರೆ 2.7, ಸತುವಿನ ಬೊಂಬೆಯಾದರೆ 7ರ ಆಸುಪಾಸು. ಒಳಗೆ ಮಣ್ಣಿನ ಗರ್ಭ ಉಳಿಸಿ ಮುಚ್ಚಿದ ಪೊಳ್ಳು ಎರಕಕ್ಕೆ ಮಾತ್ರ ಈ ಲೆಕ್ಕ ಕೂಡಿಬರುವುದಿಲ್ಲ.

ಎತ್ತರ ಎಷ್ಟಿರಬೇಕು

ಮತ್ಸ್ಯಪುರಾಣ ಇದನ್ನು ನೇರವಾಗಿ ಹೇಳಿದೆ. ಮನೆಯ ಪ್ರತಿಮೆ ಹೆಬ್ಬೆರಳಿನ ಗೆಣ್ಣಿನಷ್ಟರಿಂದ ಒಂದು ಗೇಣಿನವರೆಗೆ ಇರಬೇಕು, ಅದಕ್ಕಿಂತ ದೊಡ್ಡದು ಮನೆಗೆ ಪ್ರಶಸ್ತವಲ್ಲ. ಗೇಣು ಎಂದರೆ ಹನ್ನೆರಡು ಅಂಗುಲ, ಇಂದಿನ ಅಳತೆಯಲ್ಲಿ ಸುಮಾರು ಒಂಬತ್ತು ಇಂಚು. ಶಾಸ್ತ್ರದ ಮಾತನ್ನು ಬದಿಗಿಟ್ಟು ನೋಡಿದರೂ ಇದು ಅನುಭವಸ್ಥರ ಮಾತೇ. ಗಟ್ಟಿ ಎರಕದ ವಿಗ್ರಹದ ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ನಾಲ್ಕು ಇಂಚಿನ ಗಣಪತಿ ಮುಕ್ಕಾಲು ಕಿಲೋ ತೂಗಿದರೆ ಅದೇ ಮೈಕಟ್ಟಿನ ಎಂಟು ಇಂಚಿನದು ಆರು ಕಿಲೋ. ಅಭಿಷೇಕದ ನೀರಿನಿಂದ ಒದ್ದೆಯಾದ, ಎಣ್ಣೆ ಸೋಕಿದ ಆರು ಕಿಲೋ ಲೋಹವನ್ನು ತಟ್ಟೆಯಿಂದ ಪೀಠಕ್ಕೆ ಎತ್ತಿಡುವವರು ಮನೆಯಲ್ಲಿ ಯಾರು? ಇಂದು ನೀವು ಎತ್ತಬಲ್ಲಿರಿ. ಎಪ್ಪತ್ತರ ವಯಸ್ಸಿನಲ್ಲಿ? ಪೂಜೆಗೆ ಮೂರರಿಂದ ಆರು ಇಂಚು ಸಾಕು ಎಂದು ನಾನು ಹೇಳುತ್ತೇನೆ. ಹಜಾರದಲ್ಲಿ ಅಂದಕ್ಕಿಡುವ ದೊಡ್ಡ ಮೂರ್ತಿಯ ಮಾತು ಬೇರೆ. ಅದನ್ನು ಪೂಜೆಯ ವಿಗ್ರಹದ ಜೊತೆ ಬೆರೆಸಬೇಡಿ.

ಹೇಗೆ ಮಾಡುತ್ತಾರೆ ಎಂಬುದು ತಿಳಿದಿದ್ದರೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಮಾನಸೋಲ್ಲಾಸದಲ್ಲಿ ಮೇಣದಿಂದ ಎರಕ ಹೊಯ್ಯುವ ಕ್ರಮ ವಿವರವಾಗಿ ಇದೆ. ಅದಕ್ಕೆ ಮಧೂಚ್ಛಿಷ್ಟ ವಿಧಾನ ಎಂದು ಹೆಸರು. ಜೇನು ತೆಗೆದ ಮೇಲೆ ಉಳಿಯುವ ಮೇಣವೇ ಮಧೂಚ್ಛಿಷ್ಟ. ಮೊದಲು ವಿಗ್ರಹವನ್ನು ಮೇಣದಲ್ಲಿ ಮಾಡಿ ತೂಗಬೇಕು. ಹಿತ್ತಾಳೆ, ತಾಮ್ರಗಳಾದರೆ ಮೇಣದ ಎಂಟು ಪಟ್ಟು, ಬೆಳ್ಳಿಯಾದರೆ ಹನ್ನೆರಡು, ಚಿನ್ನವಾದರೆ ಹದಿನಾರು ಪಟ್ಟು ಲೋಹ ಕರಗಿಸಬೇಕು. ಮೇಣ ನೀರಿಗಿಂತ ತುಸು ಹಗುರ, ಹಿತ್ತಾಳೆ ನೀರಿನ ಎಂಟೂವರೆ ಪಟ್ಟು ಭಾರ. ತಕ್ಕಡಿ ಪರೀಕ್ಷೆಯಲ್ಲಿ ನೀವು ಕಂಡ ಅಂಕಿಯೂ ಇದೇ ಲೆಕ್ಕದ್ದು. ನಮ್ಮ ನೆಲದಲ್ಲಿ ಒಬ್ಬ ಅರಸ ಒಂಬತ್ತು ಶತಮಾನಗಳ ಹಿಂದೆ ಇದನ್ನು ಗ್ರಂಥಕ್ಕೆ ಇಳಿಸಿದ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ವಿಶ್ವಕರ್ಮ ಮನೆತನಗಳು ವಿಗ್ರಹ, ಪ್ರಭಾವಳಿಗಳ ಎರಕವನ್ನು ಉಳಿಸಿಕೊಂಡು ಬಂದಿವೆ. ಅಲ್ಲಿನ ಎರಕದ ಮನೆಯೊಂದರಲ್ಲಿ ನಿಂತು ನೋಡಿದ ಕೆಲಸವನ್ನು ಹೇಳುತ್ತೇನೆ. ಜೇನುಮೇಣಕ್ಕೆ ರಾಳ, ಎಣ್ಣೆ ಬೆರೆಸಿ ಹದ ಮಾಡಿದ ಉಂಡೆಯನ್ನು ಬೆಚ್ಚಗಿನ ನೀರಿನಲ್ಲಿ ಮೆದುಗೊಳಿಸುತ್ತಾರೆ. ಮೈ, ಕೈ, ತಲೆಗಳನ್ನು ಬೇರೆಬೇರೆಯಾಗಿ ತಿದ್ದಿ, ಕಾಸಿದ ಅಲಗಿನಿಂದ ಬೆಸೆಯುತ್ತಾರೆ. ಸರ, ಕಡಗಗಳಿಗೆ ಮೇಣವನ್ನೇ ದಾರದಂತೆ ಹೊಸೆದು ಸುತ್ತುತ್ತಾರೆ. ಅದರ ಮೇಲೆ ಮೊದಲ ಲೇಪ ಅತಿ ನುಣುಪಾದ ಮಣ್ಣಿನದು. ಈ ಲೇಪದಲ್ಲಿ ಗಾಳಿ ಸಿಕ್ಕಿಕೊಂಡರೆ ಲೋಹದಲ್ಲಿ ಗಂಟು ಏಳುತ್ತದೆ. ಮೇಲಿನ ಲೇಪಗಳು ಒರಟಾದವು, ದೊಡ್ಡದಾದರೆ ತಂತಿಯ ಕಟ್ಟೂ ಬೇಕು. ನೆರಳಲ್ಲಿ ಒಣಗಿಸಿ, ಕಾಸಿದಾಗ ಮೇಣ ಕರಗಿ ತೂತಿನಿಂದ ಹರಿದುಹೋಗುತ್ತದೆ. ಒಳಗೆ ಉಳಿದ ಬಯಲಿಗೆ ಲೋಹ ಹೊಯ್ಯುತ್ತಾರೆ.

ಹೊಯ್ಯುವ ಹೊತ್ತಿಗೆ ಯಾರೂ ಮಾತನಾಡುವುದಿಲ್ಲ. ಮೂಸೆಯಿಂದ ಲೋಹ ಸಣ್ಣ ಧಾರೆಯಾಗಿ, ಎಲ್ಲೂ ತುಂಡಾಗದೆ ಬೀಳಬೇಕು. ನಡುವೆ ನಿಂತರೆ ಅಲ್ಲೊಂದು ಗೆರೆ ಉಳಿದು ವಿಗ್ರಹ ಮುಂದೆ ಅಲ್ಲೇ ಬಿರುಕು ಬಿಡಬಹುದು. ಹಿತ್ತಾಳೆಯ ಮೂಸೆಯಿಂದ ಬೆಳ್ಳಗಿನ ಹೊಗೆ ಏಳುತ್ತದೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಆ ಆವಿ ಗಾಳಿ ಸೋಕಿದೊಡನೆ ಬಿಳಿ ಪುಡಿಯಾಗಿ ಹಾರುತ್ತದೆ. ಅದನ್ನು ಉಸಿರಾಡಿದವರಿಗೆ ರಾತ್ರಿ ಜ್ವರ ಬರುವುದುಂಟು. ಬೆಂಕಿ ಹೆಚ್ಚಾದರೆ ಸತು ಹೋಗಿ ಬಣ್ಣ ಕೆಂಪಾಗುತ್ತದೆ, ಕಡಿಮೆಯಾದರೆ ಲೋಹ ಬೆರಳ ತುದಿಯವರೆಗೆ ಹರಿಯುವುದಿಲ್ಲ. ಆಚಾರಿಗಳು ಈ ಹದವನ್ನು ಹೊಗೆಯ ಬಣ್ಣ, ಲೋಹದ ಮೇಲ್ಮೈ ನೋಡಿ ಹೇಳುತ್ತಾರೆ. ಆರಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಹಾಗಾಗಿ ಒಂದು ಅಚ್ಚಿಗೆ ಒಂದೇ ವಿಗ್ರಹ. ಅನಂತರದ ಅರ, ಉಳಿಗಳ ಕೆಲಸ ದಿನಗಟ್ಟಲೆ ಹಿಡಿಯುತ್ತದೆ. ಎಲ್ಲಕ್ಕೂ ಕೊನೆಯದು ನೇತ್ರೋನ್ಮೀಲನ, ಕಣ್ಣು ತೆರೆಸುವುದು.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಇದಲ್ಲ. ಉತ್ತರ ಪ್ರದೇಶದ ಮುರಾದಾಬಾದ್, ಅಲೀಗಢಗಳಿಂದ ಬರುವ ಮರಳಿನ ಎರಕದ ವಿಗ್ರಹಗಳು ನಮ್ಮ ಗೋಡೆಯಲ್ಲೂ ಬಹುಪಾಲಿವೆ. ಒಂದು ಮಾದರಿಯನ್ನು ಮರಳಿನ ಎರಡು ಪೆಟ್ಟಿಗೆಗಳಲ್ಲಿ ಒತ್ತಿ, ತೆಗೆದು, ಲೋಹ ಹೊಯ್ಯುತ್ತಾರೆ. ಒಂದೇ ಮಾದರಿಯಿಂದ ನೂರಾರು ಬರುತ್ತವೆ, ಬೆಲೆ ಕೈಗೆಟುಕುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಅಲ್ಲೂ ಒಳ್ಳೆಯ ಉಳಿಯ ಕೆಲಸದವರಿದ್ದಾರೆ. ಯಾವುದಕ್ಕೆ ಯಾವ ಬೆಲೆ ಕೊಡುತ್ತಿದ್ದೇವೆ ಎಂಬುದಷ್ಟೇ ನಿಮಗೆ ತಿಳಿದಿರಬೇಕು. ಈಗ ರಬ್ಬರ್ ಅಚ್ಚಿನಲ್ಲಿ ಮೇಣದ ಪ್ರತಿಗಳನ್ನು ತೆಗೆದು ಎರಕ ಹೊಯ್ಯುವವರೂ ಇದ್ದಾರೆ, ಆದ್ದರಿಂದ ಮೇಣದ ಎರಕ ಎಂದಾಕ್ಷಣ ಅದು ಕೈಯಲ್ಲೇ ತಿದ್ದಿದ್ದು ಎಂದು ನಂಬಬೇಡಿ. ಅದೇ ಮೂರ್ತಿ ಇನ್ನೊಂದಿದೆಯೇ ಎಂದು ಕೇಳಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಬೆನ್ನು, ಬದಿ, ತಳ

ಒಮ್ಮೆ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಮೊಮ್ಮಗಳು ಆರಿಸಿದ ಗಣಪತಿಯನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಳ್ಳದೆ ಹೆಬ್ಬೆರಳಿನಿಂದ ಬೆನ್ನು ಸವರಿ, “ಏನಪ್ಪಾ, ಮುಂದೆ ಜನಿವಾರವಿದೆ, ಹಿಂದೆ ಎಲ್ಲಿ ಹೋಯಿತು?” ಎಂದರು. ನಾನು ಗ್ರಾಹಕರಿಗೆ ಹೇಳುವುದೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಎಡ ಹೆಗಲಿನ ಮೇಲಿಂದ ಎದೆಯನ್ನು ದಾಟಿದ ಯಜ್ಞೋಪವೀತ ಬಲಪಕ್ಕೆಯ ಕೆಳಗಿನಿಂದ ಬೆನ್ನಿಗೆ ಹೋಗಿ ಮತ್ತೆ ಹೆಗಲನ್ನು ಸೇರಬೇಕು. ಕೊರಳ ಹಾರದ ಕೊನೆಗಳು ಹಿಂಗತ್ತಿನಲ್ಲಿ ಸೇರಬೇಕು. ಒಡ್ಯಾಣ ಸೊಂಟದ ಸುತ್ತ ಪೂರ್ತಿ ಬಂದಿರಬೇಕು. ದೇವಿಯಾದರೆ ಜಡೆಯೋ ತುರುಬೋ ಹಿಂದೆ ಕಾಣಬೇಕು. ದಕ್ಷಿಣದ ಸಂಪ್ರದಾಯದ ಮೂರ್ತಿಯಾದರೆ ತಲೆಯ ಹಿಂಭಾಗದಲ್ಲಿ ಶಿರಶ್ಚಕ್ರ, ಎಂದರೆ ಅರಳಿದ ಹೂವಿನಂಥ ಸಣ್ಣ ಚಕ್ರ, ಇರುತ್ತದೆ. ಯಾರೂ ನೋಡದ ಕಡೆ ಇಷ್ಟನ್ನೂ ಮಾಡಿದವನು ಮುಂದಿನ ಕೆಲಸದಲ್ಲಿ ಮೋಸ ಮಾಡಿರುವುದಿಲ್ಲ.

ಬದಿಯಲ್ಲಿ ಕಿವಿಯಿಂದ ಹೆಗಲು, ತೋಳು, ಪೀಠದವರೆಗೆ ಉಗುರನ್ನು ಎಳೆಯಿರಿ. ಮರಳಿನ ಎರಕವಾದರೆ ಎರಡು ಪೆಟ್ಟಿಗೆ ಕೂಡಿದ ಕಡೆ ಸಣ್ಣ ಏಣು ಸಿಗುತ್ತದೆ. ಅರದಿಂದ ಚೆನ್ನಾಗಿ ತೆಗೆದಿದ್ದರೆ ಸರಿ. ತೆಗೆಯದೆ ಬಿಟ್ಟಿದ್ದರೆ ಒರೆಸುವ ಬಟ್ಟೆಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಳೆಯೂ ಅಲ್ಲೇ ಕೂರುತ್ತದೆ. ಸೂಜಿಮೊನೆಯಂಥ ರಂಧ್ರಗಳಿದ್ದರೆ ನೀರು ಒಳಗೆ ನಿಂತು ಹಸಿರು ಕಿಲುಬು ಹೊರಗೆ ಜಿನುಗುತ್ತದೆ. ಬಣ್ಣ ಬೇರೆಯಾಗಿ ಕಾಣುವ ಸಣ್ಣ ಚೌಕ, ವೃತ್ತಗಳು ತೇಪೆಯ ಗುರುತು. ಬೆನ್ನಿನಲ್ಲಿ ಒಂದೆರಡು ಇದ್ದರೆ ನಾನು ಒಪ್ಪುತ್ತೇನೆ. ಮುಖದಲ್ಲಿ, ಕೊರಳಲ್ಲಿ, ಮಣಿಕಟ್ಟಿನಲ್ಲಿ ಇದ್ದರೆ ಬೇಡ. ವಿಗ್ರಹ ಕೈಜಾರಿ ಬಿದ್ದಾಗ ಮೊದಲು ಮುರಿಯುವುದು ಮಣಿಕಟ್ಟು.

ತಳವನ್ನು ಗಾಜಿನ ಮೇಲಿಟ್ಟು ಒತ್ತಿ ನೋಡಿ, ಅಲುಗಬಾರದು. ಪೀಠದ ಅಂಚಿನಲ್ಲಿ ಬೆರಳಾಡಿಸಿ. ಕತ್ತರಿಸಿದ ಚೂಪು ಹಾಗೇ ಉಳಿದಿದ್ದರೆ ಬೆಳಗುವ ಕೈಗೆ ಗಾಯ ಖಂಡಿತ.

ಇನ್ನು ಅಳತೆ. ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದ, ಎಂದರೆ ಹಣೆಯ ಕೂದಲಂಚಿನಿಂದ ಗದ್ದದವರೆಗೆ, ಒಂದು ತಾಳ. ವಿಷ್ಣು, ಶಿವರಿಗೆ ಹತ್ತು ತಾಳ, ಗಣಪತಿಗೆ ಐದು ತಾಳ. ಗಣಪತಿ ಗಿಡ್ಡನಾಗಿ, ತಲೆ ದೊಡ್ಡದಾಗಿ ಕಾಣುವುದು ಈ ಲೆಕ್ಕದಿಂದ. ಒಂದು ದಾರವನ್ನು ಮುಖದ ಉದ್ದಕ್ಕೆ ಹಿಡಿದು, ಕಿರೀಟ ಬಿಟ್ಟು ನೆತ್ತಿಯಿಂದ ಪಾದದವರೆಗೆ ಅಳೆದು ನೋಡಿ. ನಿಂತ ವೆಂಕಟೇಶ್ವರ ಐದಾರು ಮುಖಕ್ಕೆ ಮುಗಿದುಹೋದರೆ ಅದು ಮಗುವಿನ ಮೈಕಟ್ಟು, ಮಹಾವಿಷ್ಣುವಿನದಲ್ಲ. ಸಣ್ಣ ವಿಗ್ರಹಗಳಲ್ಲಿ ಮುಖ ಎದ್ದು ಕಾಣಲೆಂದು ತಲೆಯನ್ನು ತುಸು ದೊಡ್ಡದು ಮಾಡುತ್ತಾರೆ. ಎಂಟರ ಮೇಲಿದ್ದರೆ ನನಗೆ ಸಮಾಧಾನ.

ಕೈಯಲ್ಲಿ ಏನಿದೆ

ಸಂಕೇತಗಳ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಕೇಳುತ್ತೇವೆ. ಅವಕ್ಕಿಂತ ಮೊದಲು ಬೇಕಾದ್ದು ವಿಗ್ರಹವನ್ನು ಗುರುತಿಸುವುದು. ನಾನು ಕಲಿತ ಕ್ರಮ ಹೀಗೆ: ಪಾದದಿಂದ ಶುರುಮಾಡಿ, ಕೈಗಳಿಗೆ ಬಂದು, ಕೊನೆಗೆ ಮುಖಕ್ಕೆ. ನಾಲ್ಕು ಕೈಗಳಿದ್ದರೆ ದೇವರ ಬಲಗಡೆಯ ಕೆಳಗೈಯಿಂದ ಹಿಡಿದು ಮೇಲೆ ಹೋಗಿ, ಎಡ ಮೇಲ್ಗೈಗೆ ದಾಟಿ, ಎಡ ಕೆಳಗೈಗೆ ಇಳಿಯುವುದು.

ವಿಷ್ಣುವಿನ ವಿಷಯದಲ್ಲಿ ಈ ಕ್ರಮ ಹೆಸರನ್ನೇ ನಿರ್ಧರಿಸುತ್ತದೆ. ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕನ್ನು ನಾಲ್ಕು ಕೈಗಳಲ್ಲಿ ಇಡುವ ಕ್ರಮಗಳು ಇಪ್ಪತ್ತನಾಲ್ಕು. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ ಇಪ್ಪತ್ತನಾಲ್ಕು ಹೆಸರುಗಳೂ ಅವೇ. ಪದ್ಮ, ಶಂಖ, ಚಕ್ರ, ಗದೆ ಎಂದು ಈ ಸುತ್ತಿನಲ್ಲಿ ಬಂದರೆ ಅವನು ಕೇಶವ. ಶಂಖ, ಪದ್ಮ, ಗದೆ, ಚಕ್ರ ಎಂದು ಬಂದರೆ ನಾರಾಯಣ. ಹೊಯ್ಸಳ ದೇವಾಲಯಗಳ ಹೊರಗೋಡೆಯ ಮುಂದೆ ನಿಂತು ಇದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ಅಂಗಡಿಯಲ್ಲಿ ಕಣ್ಣು ತಾನಾಗಿ ಹೋಗುತ್ತದೆ. ಮನೆದೇವರು ಚೆನ್ನಕೇಶವ ಎಂದು ಬಂದವರಿಗೆ ‘ಯಾವುದಾದರೇನು, ವಿಷ್ಣುವೇ ತಾನೆ’ ಎಂದು ಕೊಡುವುದು ನನಗೆ ಒಪ್ಪಿತವಲ್ಲ. ವೆಂಕಟೇಶ್ವರನ ಗುರುತು ಸುಲಭ: ಹಿಂದಿನ ಬಲಗೈಯಲ್ಲಿ ಚಕ್ರ, ಎಡಗೈಯಲ್ಲಿ ಶಂಖ, ಮುಂದಿನ ಬಲಗೈ ಪಾದದ ಕಡೆಗೆ ತೋರುತ್ತದೆ, ಎಡಗೈ ತೊಡೆಯ ಬಳಿ ಇರುತ್ತದೆ. ನನ್ನ ಪಾದವನ್ನು ನಂಬಿದವನಿಗೆ ಸಂಸಾರಸಾಗರ ತೊಡೆಮಟ್ಟದ ನೀರು ಎಂದು ಹಿರಿಯರು ಇದಕ್ಕೆ ಅರ್ಥ ಹೇಳುತ್ತಾರೆ.

ಗಣಪತಿಯ ಹಿಂದಿನ ಎರಡು ಕೈಗಳಲ್ಲಿ ಪಾಶ ಮತ್ತು ಅಂಕುಶ. ಕಟ್ಟುವ ಹಗ್ಗ, ತಿವಿಯುವ ಕೊಕ್ಕೆ, ಎರಡೂ ಮಾವುತನ ಸಲಕರಣೆಗಳು. ಆನೆಯನ್ನು ಪಳಗಿಸುವ ಸಾಧನಗಳು ಆನೆಮೊಗದವನ ಕೈಯಲ್ಲೇ ಇವೆ! ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಂಡವನು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲು ಬಾರದು. ಮುಂದಿನ ಕೈಗಳಲ್ಲಿ ಮುರಿದ ದಂತ ಮತ್ತು ಮೋದಕ, ಅಥವಾ ಅಭಯ ಮತ್ತು ಮೋದಕ. ಕೆಲಸದ ಪರೀಕ್ಷೆಯೂ ಇಲ್ಲೇ ಆಗಿಬಿಡುತ್ತದೆ. ಕಳಪೆ ಎರಕದಲ್ಲಿ ಪಾಶ ಒಂದು ಮುದ್ದೆ, ಅಂಕುಶ ಒಂದು ಕಡ್ಡಿ, ಮೋದಕ ಒಂದು ಗುಂಡು. ಪಾಶದ ಕುಣಿಕೆಯ ನಡುವೆ ಬಯಲಿರಬೇಕು, ಅಂಕುಶದ ಕೊಕ್ಕೆ ಬಾಗಿರಬೇಕು. ಎರಡು ದಂತಗಳಲ್ಲಿ ಒಂದು ಮುರಿದಿರಬೇಕು. ಎರಡೂ ಪೂರ್ತಿಯಿದ್ದರೆ ಅವನು ಏಕದಂತನಲ್ಲ. ಸೊಂಡಿಲು ದೇವರ ಎಡಕ್ಕೆ ತಿರುಗಿದ್ದರೆ ಎಡಮುರಿ, ಬಲಕ್ಕೆ ತಿರುಗಿದ್ದರೆ ಬಲಮುರಿ. ಬಲಮುರಿಗೆ ಮಡಿ ಜಾಸ್ತಿ ಎಂಬ ನಂಬಿಕೆಯಿಂದ ಮನೆಗಳಲ್ಲಿ ಎಡಮುರಿಯೇ ಹೆಚ್ಚು. ಹಿರಿಯರಿಂದ ಬಲಮುರಿ ಬಂದಿದ್ದರೆ ಭಯಪಡಬೇಕಾಗಿಲ್ಲ, ಅವರು ನಡೆಸಿದಂತೆ ನಡೆಸಿದರಾಯಿತು.

ಲಕ್ಷ್ಮಿಯ ಮೇಲ್ಗೈಗಳಲ್ಲಿ ತಾವರೆ, ಕೆಳಗೈಗಳಲ್ಲಿ ಅಭಯ ಮತ್ತು ವರದ. ಅಭಯದಲ್ಲಿ ಬೆರಳು ಮೇಲಕ್ಕೆ, ವರದದಲ್ಲಿ ಕೆಳಕ್ಕೆ. ಎರಡರಲ್ಲೂ ಅಂಗೈ ನಮ್ಮ ಕಡೆಗೆ. ಸರಸ್ವತಿಗೆ ವೀಣೆ, ಪುಸ್ತಕ, ಜಪಮಾಲೆ. ಅನ್ನಪೂರ್ಣೆಗೆ ಸೌಟು, ಮದುವೆಯಾಗಿ ಹೋಗುವ ಮಗಳಿಗೆ ಅವಳನ್ನು ಕೊಟ್ಟು ಕಳುಹಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅಕ್ಕಿಯ ಮೇಲೆ ಕೂರಿಸುತ್ತಾರಾದ್ದರಿಂದ ಅವಳ ಪೀಠ ಚಪ್ಪಟೆಯಾಗಿ, ಅಗಲವಾಗಿ ಇದ್ದರೆ ಒಳ್ಳೆಯದು. ಅಂಬೆಗಾಲಿನ ಕೃಷ್ಣನ ಬೆಣ್ಣೆಯ ಕೈ ಮೇಲೆದ್ದಿರುತ್ತದೆ. ಅವನ ಭಾರವೆಲ್ಲ ಇನ್ನೊಂದು ಕೈ ಮತ್ತು ಮೊಣಕಾಲಿನ ಮೇಲೆ ನಿಲ್ಲುವುದರಿಂದ ಆ ಮಣಿಕಟ್ಟನ್ನು ನೋಡಿ ತೆಗೆದುಕೊಳ್ಳಿ.

ನಟರಾಜನನ್ನು ಮನೆಯಲ್ಲಿಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಇಡಬಾರದು ಎಂದು ನಾನು ಹೇಳುವುದಿಲ್ಲ. ಜ್ವಾಲೆಯ ಪ್ರಭಾವಳಿ, ಹರಡಿದ ಜಟೆಗಳ ನಡುವೆ ದಿನವೂ ಒರೆಸುವುದು ಕಷ್ಟ ಎಂಬುದನ್ನು ಮಾತ್ರ ಹೇಳುತ್ತೇನೆ. ಕೊಳ್ಳುವುದಾದರೆ ಕಿವಿಗಳನ್ನು ನೋಡಿ. ಬಲಗಿವಿಯಲ್ಲಿ ಗಂಡಸರ ಮಕರಕುಂಡಲ, ಎಡಗಿವಿಯಲ್ಲಿ ಹೆಂಗಸರ ಪತ್ರಕುಂಡಲ ಇರಬೇಕು. ಅರ್ಧ ದೇಹ ಪಾರ್ವತಿಯದು ಎಂಬುದನ್ನು ಶಿಲ್ಪಿ ಓಲೆಯೊಂದರಲ್ಲಿ ಹೇಳಿಬಿಟ್ಟಿದ್ದಾನೆ. ಬಲ ಹಿಂಗೈಯ ಡಮರು ಸೃಷ್ಟಿ, ಎಡ ಹಿಂಗೈಯ ಬೆಂಕಿ ಲಯ, ಮುಂದಿನ ಬಲಗೈ ಅಭಯ, ಮುಂದಿನ ಎಡಗೈ ಎತ್ತಿದ ಪಾದದತ್ತ ತೋರುತ್ತದೆ. ಬಲಗಾಲಿನ ಕೆಳಗಿನ ಅಪಸ್ಮಾರ ಎಂಬ ಕುಳ್ಳ ಅಸುರ ಅಜ್ಞಾನ. ಎರಡೂ ಕಿವಿಗೆ ಒಂದೇ ಓಲೆ ಹಾಕಿದ ನಟರಾಜನನ್ನು ನಮ್ಮ ಅಂಗಡಿಗೆ ನಾನು ತರಿಸುವುದಿಲ್ಲ.

ಪ್ರಭಾವಳಿಯ ನೆತ್ತಿಯಲ್ಲಿ ಕೀರ್ತಿಮುಖ ಎಂಬ ಉಗ್ರ ಸಿಂಹಮುಖ, ಇಕ್ಕೆಲದಲ್ಲಿ ಮೊಸಳೆಯಂಥ ಮಕರ. ಬಿಚ್ಚಿ ಹಾಕುವಂತಿರುವ ಪ್ರಭಾವಳಿಯನ್ನೇ ಕೊಳ್ಳಿ. ಬೆಸುಗೆ ಹಾಕಿ ಕೂಡಿಸಿದ್ದಾದರೆ ಬೆನ್ನಿಗೂ ಪ್ರಭಾವಳಿಗೂ ನಡುವೆ ಕೈಯೂ ಹೋಗುವುದಿಲ್ಲ, ಬಟ್ಟೆಯೂ ಹೋಗುವುದಿಲ್ಲ.

ಮನೆಗೆ ತಂದ ಮೇಲಿನ ಪೂಜಾಕ್ರಮ, ದಿಕ್ಕು, ಪ್ರತಿಷ್ಠೆಗಳನ್ನು ನಿಮ್ಮ ಮನೆಯ ಹಿರಿಯರನ್ನೋ ಪುರೋಹಿತರನ್ನೋ ಕೇಳಿ. ಪಾತ್ರೆ ಅಂಗಡಿಯವನು ಅದನ್ನು ಹೇಳುವುದು ಸರಿಯಲ್ಲ.

ಬೆಳಗುವುದು

ಹೊಸ ವಿಗ್ರಹದ ಮೇಲೆ ಹೊಳಪು ಉಳಿಯಲೆಂದು ಬಣ್ಣವಿಲ್ಲದ ಮೆರುಗೆಣ್ಣೆ ಬಳಿದಿರುತ್ತಾರೆ. ಹುಣಸೆಹಣ್ಣು ಹಚ್ಚಿದರೂ ಬಣ್ಣ ಬದಲಾಗಲಿಲ್ಲ ಎಂದರೆ ಅದೇ ಕಾರಣ. ದಿನವೂ ಅಭಿಷೇಕ ಮಾಡುವುದಾದರೆ ಆ ಲೇಪ ಅಲ್ಲಲ್ಲಿ ಎದ್ದು ಮೈಯೆಲ್ಲ ಮಚ್ಚೆಯಾಗುತ್ತದೆ. ಮೊದಲೇ ತೆಗೆದುಬಿಡಿ: ಉಗುರಿನ ಬಣ್ಣ ತೆಗೆಯುವ ಅಸಿಟೋನ್ ದ್ರವವನ್ನು ಹತ್ತಿಗೆ ಹಾಕಿ, ಕಿಟಕಿ ತೆರೆದು, ದೀಪದಿಂದ ದೂರ ಕುಳಿತು ಒರೆಸಿ.

ಹುಣಸೆಹಣ್ಣು, ನಿಂಬೆಹಣ್ಣುಗಳ ಹುಳಿ ಹಿತ್ತಾಳೆಯ ಮೇಲಿನ ಕಪ್ಪನ್ನು ಕರಗಿಸುತ್ತದೆ. ಕೆಲಸ ಎರಡು ಮೂರು ನಿಮಿಷದ್ದು. ನೆನೆಹಾಕಿ ಬೇರೆ ಕೆಲಸಕ್ಕೆ ಹೋದರೆ ಹುಳಿ ಲೋಹದೊಳಗಿನ ಸತುವನ್ನು ಎಳೆದುಕೊಂಡು ತಾಮ್ರವನ್ನು ಬಿಡುತ್ತದೆ. ಹಬ್ಬದ ಹಿಂದಿನ ದಿನ ಬೆಳಗಿದ ದೇವರು ಗುಲಾಬಿ ಬಣ್ಣಕ್ಕೆ ತಿರುಗಿರುವುದನ್ನು ನೀವು ಕಂಡಿರಬಹುದು. ಅದು ಕೊಳೆಯಲ್ಲ, ಸತು ಹೋಗಿ ಉಳಿದ ತಾಮ್ರ. ಮತ್ತೆ ಹುಳಿ ಹಚ್ಚಿದರೆ ಇನ್ನೂ ಕೆಂಪಾಗುತ್ತದೆ. ಒಣ ವಿಭೂತಿಯನ್ನು ಮೆತ್ತನೆಯ ಬಟ್ಟೆಯಲ್ಲಿ ತೆಗೆದುಕೊಂಡು ನಿಧಾನವಾಗಿ ತಿಕ್ಕಿದರೆ ಆ ತೆಳು ಪದರ ಹೋಗಿ ಹಳದಿ ಬರುತ್ತದೆ.

ನನ್ನ ಕ್ರಮ ಇದು. ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ತೆಳು ರಸ ಮಾಡಿಕೊಳ್ಳುತ್ತೇನೆ, ನಾರು, ಬೀಜಗಳನ್ನು ಸೋಸುತ್ತೇನೆ. ಬೆರಳಿನಿಂದ ಹಚ್ಚಿ, ಸಂದುಗಳಿಗೆ ಮೆದುವಾದ ಹಲ್ಲುಜ್ಜುವ ಬ್ರಷ್ ಬಳಸಿ, ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತೇನೆ. ಹುಳಿ ಉಳಿಯದಿರಲೆಂದು ಚಿಟಿಕೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒಮ್ಮೆ ಅದ್ದಿ, ಮತ್ತೆ ತೊಳೆದು, ಹಳೆಯ ಪಂಚೆಯ ಬಟ್ಟೆಯಿಂದ ಒರೆಸಿ ಬಿಸಿಲಿನಲ್ಲಿ ಕೆಲ ನಿಮಿಷ ಇಡುತ್ತೇನೆ. ಮೇಲಿನ ಮೈ ಒಣಗಿದ್ದರೂ ಪೀಠದ ಒಳಗೆ ನೀರು ಉಳಿದಿರುತ್ತದೆ, ತಲೆಕೆಳಗು ಮಾಡಿ ನೋಡಿ. ಬೆಳಗಿದ ಮೇಲೆ ಎಣ್ಣೆ ಸವರಬೇಡಿ, ದೀಪದ ಮಸಿಯೆಲ್ಲ ಅದಕ್ಕೆ ಅಂಟುತ್ತದೆ.

ಮುಖವನ್ನು ಮಾತ್ರ ಪುಡಿಯಿಂದ ತಿಕ್ಕಬೇಡಿ. ಪೀತಾಂಬರಿಯಂಥ ಪುಡಿಗಳಾಗಲಿ, ಹಳೆಯ ಕಾಲದ ಇಟ್ಟಿಗೆ ಪುಡಿಯಾಗಲಿ, ಒಂದೊಂದು ಸಲಕ್ಕೂ ಕೂದಲೆಳೆಯಷ್ಟು ಲೋಹವನ್ನು ತಿನ್ನುತ್ತವೆ. ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ ಮೂಗು, ತುಟಿ, ಕಣ್ಣುಗಳೆಲ್ಲ ಸವೆದು ನುಣುಪಾದ ವಿಗ್ರಹಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವುಗಳ ಬೆನ್ನು ಇನ್ನೂ ಹರಿತವಾಗಿರುತ್ತದೆ. ಆಚಾರಿ ಕೊನೆಯಲ್ಲಿ ತೆರೆಸಿದ ಕಣ್ಣು ಮೊದಲು ಅಳಿಸಿಹೋಗುವುದು ನಮ್ಮ ಕೈಯಿಂದಲೇ. ಮುಖಕ್ಕೆ ಹುಣಸೆಯ ತಿಳಿ, ಹೆಬ್ಬೆರಳು, ನೀರು ಸಾಕು.

ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳನ್ನು ಹತ್ತಿರ ತರಬೇಡಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಲಾಯದ ಅಮೋನಿಯಾವೇ ಕಾರಣ ಎಂದು ಆಮೇಲೆ ಗೊತ್ತಾಯಿತು. ಎರಕದ ವಿಗ್ರಹ ತಗಡನ್ನು ಒತ್ತಿ ಎಳೆದು ಮಾಡಿದ ತೋಟಾದಷ್ಟು ಬಿಗಿಯಲ್ಲಿ ಇರುವುದಿಲ್ಲ, ಆದರೂ ಬೆಸುಗೆಯ ಕಡೆ, ತೇಪೆಯ ಕಡೆ ಏಕೆ ಅಪಾಯ ತಂದುಕೊಳ್ಳಬೇಕು?

ಪಂಚಾಮೃತದ ಬಗ್ಗೆ ಒಂದು ಮಾತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮೊಸರು ಇಡಬಾರದು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ದೇವರ ಮನೆಯಲ್ಲಿ ಮರೆತುಬಿಡುತ್ತೇವೆ. ಮೊಸರಿನ ಹುಳಿ ತಾಮ್ರವನ್ನು ಬಿಡಿಸುತ್ತದೆ. ವಿಗ್ರಹದ ಮೇಲೆ ಎರೆದು ಕೂಡಲೇ ತೆಗೆದ ತೀರ್ಥ ಬೇರೆ, ಹಿತ್ತಾಳೆ ತಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಂತದ್ದು ಬೇರೆ. ಅಭಿಷೇಕಕ್ಕೆ ಬೆಳ್ಳಿ ಅಥವಾ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ, ಎರೆದ ಮೇಲೆ ಹೆಚ್ಚು ಹೊತ್ತು ಬಿಡಬೇಡಿ. ಹಸಿರು ಕಿಲುಬು ಕಂಡ ವಿಗ್ರಹಕ್ಕೆ ಎರೆದದ್ದನ್ನು ಮಕ್ಕಳಿಗೆ ಕೊಡಲೇಬೇಡಿ. ಹಿಂದಿನ ದಿನದ ಒದ್ದೆ ಹೂವು, ಕುಂಕುಮ ಉಳಿದ ಕಡೆ ಕಪ್ಪು ಮಚ್ಚೆ ಬೀಳುತ್ತದೆ, ನಿರ್ಮಾಲ್ಯವನ್ನು ಬೆಳಗ್ಗೆಯೇ ತೆಗೆಯಿರಿ.

ಹಳೆಯ ವಿಗ್ರಹಗಳು

ಇನ್ನೂರು ವರ್ಷದ ಹಳೆಯ ವಿಗ್ರಹ, ದೇವಸ್ಥಾನದಿಂದ ಬಂದದ್ದು ಎಂದು ಯಾರಾದರೂ ತಂದರೆ ಕೈಯಲ್ಲಿ ಹಿಡಿಯಲೂ ಬೇಡಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪ ಪುರಾತನ ವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ನಿಮ್ಮ ಮನೆತನದಲ್ಲೇ ಅಷ್ಟು ಹಳೆಯ ಲೋಹದ ವಿಗ್ರಹವಿದ್ದರೆ ಅದನ್ನು ಈ ಕಾಯ್ದೆಯಡಿಯ ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ಹೊಸ ವಿಗ್ರಹಕ್ಕೆ ರಾಸಾಯನಿಕ ಹಚ್ಚಿ ಕಪ್ಪು, ಹಸಿರು ಬರಿಸಿ ಹಳೆಯದೆಂದು ಮಾರುವುದೂ ಇದೆ; ಸಂದುಗಳಲ್ಲೂ ಉಬ್ಬುಗಳಲ್ಲೂ ಬಣ್ಣ ಒಂದೇ ಸಮ ಇದ್ದರೆ, ಮೂಗು, ಮೊಣಕಾಲುಗಳು ಸವೆಯದೆ ಬೆನ್ನಿನಷ್ಟೇ ಹರಿತವಾಗಿದ್ದರೆ, ಅದು ಹಾಗೆ ಮಾಡಿದ್ದೇ.

ಕೈಯೋ ಆಯುಧವೋ ಮುರಿದ ವಿಗ್ರಹವನ್ನು ಪೂಜೆಗೆ ಇಡುವುದಿಲ್ಲ. ನದಿಗೆ ಬಿಡುವುದಕ್ಕಿಂತ ಎರಕದವರಿಗೆ ಕೊಟ್ಟು ಕರಗಿಸಿ, ಅದೇ ಲೋಹದಿಂದ ಹೊಸದನ್ನು ಹೊಯ್ಯಿಸುವುದು ನನಗೆ ಸರಿಯೆನಿಸುತ್ತದೆ. ಕರಗುವಾಗ ಸತು ಹೊಗೆಯಾಗಿ ಹೋಗುವುದರಿಂದ ತೂಕ ತುಸು ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಸ್ವಲ್ಪ ಹೊಸ ಹಿತ್ತಾಳೆ ಸೇರಿಸುವಂತೆ ಮೊದಲೇ ಮಾತಾಡಿಕೊಳ್ಳಿ. ಕೊಡುವಾಗ ನಿಮ್ಮೆದುರೇ ತೂಗಿಸಿ ಚೀಟಿಯಲ್ಲಿ ಬರೆಸಿ. ಸಾಧ್ಯವಾದರೆ ಎರಕ ಹೊಯ್ಯುವ ದಿನ ಹೋಗಿ ನಿಂತು ನೋಡಿ. ಆಚಾರಿಗಳು ಬೇಡ ಎನ್ನುವುದಿಲ್ಲ.